ಸೂರ್ಯನಿಗೆ ಹೇಳುವವನ ಮಗಳು

ಬಲು ಹಿಂದೆ, ಮಾರ್ದನಿ ಎಂಬ ರಾಜ್ಯದಲ್ಲಿ, ಬಾಯಿಬಿಟ್ಟು ಹೇಳದೆ ಯಾವುದೂ ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಹಾಲಿಗೆ 'ಹೆಪ್ಪಾಗು' ಎನ್ನಬೇಕು. ಮುರಿದ ಮೂಳೆಗೆ 'ಕೂಡಿಕೋ' ಎನ್ನಬೇಕು. ಉಂಗುರದ ಹರಳಿಗೆ 'ಕೂತುಕೋ' ಎನ್ನಬೇಕು. ಒಂದೊಂದು ಮಾತು ಒಂದೊಂದು ಮನೆತನದ್ದು. ಆ ಮನೆತನದವರಿಗೆ ಸೊಲ್ಲಿಗರು ಎಂದು ಹೆಸರು. ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ಪರೀಕ್ಷಿಸಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಸೊಲ್ಲಿಗರಲ್ಲಿ ದೊಡ್ಡವನು ಬೈಗಯ್ಯ. ಪ್ರತಿ ಸಂಜೆ ಅರಮನೆಯ ಮಾಳಿಗೆ ಹತ್ತಿ ಸೂರ್ಯನಿಗೆ 'ಮುಳುಗು' ಎನ್ನುವುದು ಅವನ ಕೆಲಸ. ಹದಿನೇಳು ತಲೆಮಾರು ಆ ಮನೆಯವರು ಹೇಳಿದ್ದರು, ಸೂರ್ಯ ಕೇಳಿದ್ದ. ಆಸ್ಥಾನದ ಪಂಡಿತರು ಮಾತ್ರ 'ಮುಳುಗು' ಸರಿಯೋ 'ಇಳಿ' ಸರಿಯೋ 'ಕಂತು' ಸರಿಯೋ ಎಂದು ಮೂವತ್ತು ವರ್ಷದಿಂದ ಜಗಳಾಡುತ್ತಿದ್ದರು.

ಬೈಗಯ್ಯನ ಮಗಳು ಮಾಳವ್ವನಿಗೆ ಆ ಜಗಳ ಬೇಕಿರಲಿಲ್ಲ. ಅವಳು ಒಂದು ಕಡೆ ಕೂರುವವಳೇ ಅಲ್ಲ. ಮೂಳೆ ಕಟ್ಟುವ ಅಜ್ಜನ ಪಡಸಾಲೆ, ಅಲ್ಲಿಂದ ಮೊಸರಜ್ಜಿಯ ಅಂಗಳ, ಅಲ್ಲಿಂದ ಅಕ್ಕಸಾಲಿಯ ಜಗಲಿ. ಎಲ್ಲಿ ನಿಂತರೂ ಅವಳ ಕಣ್ಣು ಅವರ ಕೈಯ ಮೇಲೆ.

ಒಂದು ದಿನ ಕಡಲಾಚೆಯಿಂದ ಏಕಾಕ್ಷರನೆಂಬ ಮಂತ್ರವಾದಿ ಬಂದ.

"ಮಹಾಪ್ರಭು, ಮುನ್ನೂರು ಕೆಲಸಕ್ಕೆ ಮುನ್ನೂರು ಮಾತೇಕೆ? ಇಂಗ್ಲಿಷ್ ಎಂಬ ದ್ವೀಪಭಾಷೆಯಿಂದ ಒಂದೇ ಮಾತು ತಂದಿದ್ದೇನೆ. ಸೆಟ್. ಮೊಸರೂ ಸೆಟ್, ಮೂಳೆಯೂ ಸೆಟ್, ಹರಳೂ ಸೆಟ್, ಸೂರ್ಯನೂ ಸೆಟ್."

"ಬಲೆ ಒಡ್ಡುವುದಕ್ಕೆ?" ಎಂದ ರಾಜ.

"ಸೆಟ್."

"ಸಸಿ ನೆಡುವುದಕ್ಕೆ?"

"ಸೆಟ್."

"ಮಗಳ ಮದುವೆಗೆ ದಿನ ಗೊತ್ತುಮಾಡುವುದಕ್ಕೆ?"

"ಅದಕ್ಕೂ ಅದೇ, ಪ್ರಭು. ವಧು ವರ ಒಪ್ಪಿದರಾಯಿತು."

ಆ ಸಂಜೆ ಏಕಾಕ್ಷರ ಮಾಳಿಗೆ ಹತ್ತಿ ಸೂರ್ಯನತ್ತ ನೋಡಿ 'ಸೆಟ್' ಎಂದ. ಸೂರ್ಯ ಮುಳುಗಿದ. ಇದಕ್ಕಿಂತ ಪುರಾವೆ ಬೇಕೆ? ರಾಜ ಅಲ್ಲೇ ಒಪ್ಪಿಬಿಟ್ಟ.

ಹೊಸ ಮಾತಿಗೆ ಬದಲಾಗಿ ಮಂತ್ರವಾದಿ ಕೇಳಿದ್ದು ಹಳೆಯ ಮಾತುಗಳನ್ನು. ಸೊಲ್ಲಿಗರು ಸಾಲಾಗಿ ನಿಂತರು. ಒಬ್ಬೊಬ್ಬರೂ ಗಾಜಿನ ಜಾಡಿಗೆ ಬಾಯಿಟ್ಟು ತಮ್ಮ ಮಾತು ಹೇಳಿದರು. ಮಾತು ಜಾಡಿಗೆ ಬಿತ್ತು, ಅದರ ಹಿಂದೆಯೇ ದನಿಯೂ ಹೋಯಿತು. ಮುನ್ನೂರು ಜನ ಮೂಕರಾಗಿ ಮನೆಗೆ ನಡೆದರು. ಜಾಡಿಗಳು ಕರಿಗುಡ್ಡದ ಮೇಲೆ ಅವನು ಎಬ್ಬಿಸಿದ್ದ ಗೋಪುರ ಸೇರಿದವು.

ವಾರ ಕಳೆಯುವುದರೊಳಗೆ ಊರಿಗೆ ನೆಮ್ಮದಿ ತಪ್ಪಿತು. ಹಾಲು ಹಾಲಾಗಿಯೇ ಉಳಿದು ನಾರಿತು. ದಂಡನಾಯಕನ ಮುರಿದ ತೋಳು ಜೋತುಬಿದ್ದಿತ್ತು. ರಾಣಿಯ ಉಂಗುರದ ಹರಳು ಅನ್ನಕ್ಕೆ ಬಿದ್ದು ರಾಜನ ಹಲ್ಲು ಮುರಿಯಿತು. ಜನ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ಪಾತ್ರೆ ಪಾತ್ರೆಯ ಮುಂದೆ ಹೋಗಿ 'ಸೆಟ್, ಸೆಟ್' ಎನ್ನುತ್ತಿದ್ದರು. "ಸಾಲದು, ಜೋರಾಗಿ ಹೇಳಿ," ಎಂದರು ಪಂಡಿತರು. ಮಾತು ಹೋದ ಮೇಲೆ ಸೊಲ್ಲಿಗರ ಕೈಗಳಿಗೇನು ಕೆಲಸವೆಂದು ಅವರನ್ನು ಯಾರೂ ಕರೆಯಲಿಲ್ಲ.

ಸೂರ್ಯ ಮಾತ್ರ ಹೊಸ ಮಾತನ್ನು ತಪ್ಪದೆ ಕೇಳುತ್ತಿದ್ದ. ಬೈಗಯ್ಯನನ್ನು ಮುರಿದದ್ದು ಅದೇ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಗಂಜಿಯನ್ನೂ ಮುಟ್ಟಲಿಲ್ಲ.

ವೈದ್ಯ ಬಂದು ನಾಡಿ ಹಿಡಿದ. "ಇನ್ನು ಮೂರು ಸಂಜೆ, ತಾಯಿ. ದನಿ ಇಲ್ಲದ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ."

ಮಾಳವ್ವ ಬುತ್ತಿ ಕಟ್ಟಿದಳು. ಮೊಸರಜ್ಜಿ ಓಡಿಬಂದು, ಅಡಗಿಸಿಟ್ಟಿದ್ದ ಹುಳಿ ಮಜ್ಜಿಗೆಯ ಗಿಂಡಿಯನ್ನು ಅವಳ ಕೈಗಿತ್ತಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿದಳು.

ಗೋಪುರಕ್ಕೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಹುಲಿ.

"ನಿಲ್ಲೇ! ನಿನ್ನನ್ನ ತಿನ್ನಬೇಕು."

"ಮೂರು ಕಾಲಲ್ಲಿ ಹೇಗೆ ಹಿಡೀತೀಯ?"

ಹುಲಿಗೆ ಅವಮಾನವಾಯಿತು. "ಕಡಲಾಚೆ ಇದ್ದಾಗಿಂದ ಏಳು ವರ್ಷ ಆಯ್ತು. ಕಾಲು ವಾಸಿಯಾದ ದಿನ ಬಿಡುಗಡೆ, ಅಲ್ಲೀತನಕ ಕಾವಲು ಅಂದಿದ್ದಾನೆ. ದಿನಾ ಬರ್ತಾನೆ, ಸೆಟ್ ಅಂತಾನೆ, ಹೋಗ್ತಾನೆ. ನೀನೇನು ಹೇಳ್ತೀಯ?"

"ಮೂಳೆಯ ಮಾತು ನಮ್ಮ ಮನೆಯದಲ್ಲ. ಹೇಳೋ ಹಕ್ಕಿಲ್ಲ ನನಗೆ. ಕಚ್ಚಬೇಡ, ಅಷ್ಟೆ."

ಅಜ್ಜನ ಕೈ ಹೇಗೆ ಮಾಡುತ್ತಿತ್ತೋ ಹಾಗೆ ಅವಳು ಕಾಲನ್ನು ಎಳೆದು ಜೋಡಿಸಿದಳು. ಬಿದಿರಿನ ದಬ್ಬೆ ಇಟ್ಟು ಸೆರಗು ಹರಿದು ಬಿಗಿದಳು. ಹುಲಿ ಕೂಗಿದ್ದಕ್ಕೆ ಗುಡ್ಡದ ಕಲ್ಲು ಉರುಳಿದವು. ಮಾಯದ ಹುಲಿಯ ಮೂಳೆ ಬೇಗ ಕೂಡುತ್ತದೆ. ಸಂಜೆಗೆ ಅದು ನಾಲ್ಕು ಕಾಲಲ್ಲಿ ನಿಂತಿತು. ಕೆಳಗೆ ಅರಮನೆಯ ಮಾಳಿಗೆಯಿಂದ 'ಸೆಟ್' ಎಂಬ ಕೂಗು ಕೇಳಿತು. ಒಂದು ಸಂಜೆ ಹೋಯಿತು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ, ಕೊಪ್ಪರಿಗೆ ತುಂಬ ಎಂದೂ ಕೆಡದ ಹಾಲು.

"ಮೊಸರಾದ ದಿನ ಕುಡಿದು ಹೊರಟುಹೋಗು ಅಂದಿದ್ದಾನೆ," ಎಂದಿತು ಸರ್ಪ. "ಏಳು ಬಾಯಿ ಇವೆ ನನಗೆ. ಏಳರಲ್ಲೂ ಸೆಟ್ ಅಂದು ನೋಡಿದೆ."

ಮಾಳವ್ವ ಗಿಂಡಿಯ ಮಜ್ಜಿಗೆಯನ್ನು ಹಾಲಿಗೆ ಸುರಿದು ಕಲಕಿ, ಬಿಸಿಲಿಗೆ ಎಳೆದು, ಮುಚ್ಚಿದಳು. ಇನ್ನು ಕಾಯಬೇಕು. ಕಾಯುವುದು ಅವಳಿಗೆ ಬರುತ್ತಿರಲಿಲ್ಲ. ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ತಿರುಗಿದಳು. ಅಪ್ಪ ಉಸಿರಾಡುತ್ತಿದ್ದಾನೋ ಇಲ್ಲವೋ.

"ಒಂದು ಕಡೆ ಕೂತ್ಕೋ ತಾಯಿ. ನಿನ್ನ ನೋಡಿ ನೋಡಿ ಏಳು ತಲೆನೂ ತಿರುಗ್ತಿವೆ."

ಸಂಜೆಗೆ ಮುಚ್ಚಳ ತೆಗೆದರೆ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿತ್ತು. ಕೆಳಗಿನಿಂದ ಮತ್ತೆ 'ಸೆಟ್' ಎಂಬ ಕೂಗು. ಎರಡು ಸಂಜೆ.

ಮೂರನೆಯ ಬಾಗಿಲಲ್ಲಿ ಆನೆ ಗಾತ್ರದ ನವಿಲು. ಅದರ ಮಾಣಿಕ್ಯದ ಕಣ್ಣೊಂದು ಕಳಚಿ ನೆಲದ ಮೇಲೆ ಬಿದ್ದಿತ್ತು. ಮಾಳವ್ವ ಏನನ್ನೂ ಕೇಳಲಿಲ್ಲ. ಕೈಯ ಅರಗಿನ ಬಳೆ ಮುರಿದು, ದೀಪದಲ್ಲಿ ಕರಗಿಸಿ ಕಣ್ಣಗುಳಿಗೆ ಹನಿಸಿ, ಮಾಣಿಕ್ಯವನ್ನು ಒತ್ತಿ ಹಿಡಿದಳು.

ನವಿಲು ರೆಪ್ಪೆ ಬಡಿಯಿತು. "ಒಂದು ಕಣ್ಣಿಗೆ ನೀನು ಎತ್ತರ ಕಂಡಿದ್ದೆ."

"ಅದಿರಲಿ, ದಾರಿ ಬಿಡು."

ಒಳಗೆ ಮುನ್ನೂರು ಜಾಡಿ. ಅವಳು ಮೊದಲ ಜಾಡಿ ಎತ್ತುವಾಗ ಮಂತ್ರವಾದಿ ಬಾಗಿಲಲ್ಲಿ ಕಾಣಿಸಿಕೊಂಡ.

"ಹುಲಿಯೇ, ಹಿಡಿ ಅವಳನ್ನ!"

ಅವನ ಹಿಂದೆ ಹುಲಿ ಬಂದು ನಿಂತಿತು. "ಕಾಲು ವಾಸಿಯಾಯ್ತು, ಒಡೆಯ. ಮಾತಿನ ಪ್ರಕಾರ ನನ್ನ ಕೆಲಸ ಮುಗೀತು."

ಏಕಾಕ್ಷರ 'ಸೆಟ್' ಎಂದ. ಹುಲಿ ಒಂದು ಹೆಜ್ಜೆ ಮುಂದಿಟ್ಟಿತು. ಇನ್ನೂ ಜೋರಾಗಿ ಎಂದ. ಇನ್ನೊಂದು ಹೆಜ್ಜೆ. ಮೂರನೆಯ ಸಲ ಹೇಳುತ್ತ ಅವನು ಕಿಟಕಿ ಹಾರಿದ. ಹುಲಿಯೂ ಹಾರಿತು. ಗುಡ್ಡದ ಆಚೆಯಿಂದ ಮರಳಿದ್ದು ಹುಲಿಯೊಂದೇ.

ಮಾಳವ್ವ ಜಾಡಿಗಳನ್ನೆಲ್ಲ ಒಡೆದಳು. ದನಿಗಳು ಗೊರವಂಕದ ಹಿಂಡಿನಂತೆ ಹಾರಿ ತಮ್ಮ ತಮ್ಮ ಗಂಟಲು ಸೇರಿದವು. ಅವಳು ಗುಡ್ಡ ಇಳಿದು ಊರಿಗೆ ಓಡಿಬಂದಾಗ ಹಾಸಿಗೆಯ ಮೇಲೆ ಬೈಗಯ್ಯ ಎದ್ದು ಕೂತು ಗಂಜಿ ಕುಡಿಯುತ್ತಿದ್ದ.

"ಉಪ್ಪು ಎಲ್ಲೇ?" ಎಂದ. ಮಾಳವ್ವ ಅಲ್ಲೇ ಕುಸಿದು ಅತ್ತಳು.

ಊರು ಮತ್ತೆ ಊರಾಯಿತು. ಅಜ್ಜ ದಂಡನಾಯಕನ ತೋಳು ಕಟ್ಟಿದ, ಅಜ್ಜಿ ಹಾಲು ಕಾಸಿದಳು, ಅಕ್ಕಸಾಲಿ ಉಂಗುರ ಹಿಡಿದು ಕೂತ. ಮಂತ್ರವಾದಿ ಇಲ್ಲ, ಮೂಕರಿಲ್ಲ. ಅಂದಿನಿಂದ ಎಲ್ಲರೂ ಸುಖವಾಗಿದ್ದರು.

ಆ ಸಂಜೆ ಬೈಗಯ್ಯನನ್ನು ಪಲ್ಲಕ್ಕಿಯಲ್ಲಿ ಮಾಳಿಗೆಗೆ ಹೊತ್ತು ತಂದರು. ರಾಜ ಕೈಮುಗಿದ. "ಬೈಗಯ್ಯನವರೇ, ತಪ್ಪಾಯಿತು. ನೀವೇ ಹೇಳಬೇಕು."

"ಈ ಸಲವಾದರೂ 'ಕಂತು' ಅನ್ನಿ," ಎಂದ ಒಬ್ಬ ಪಂಡಿತ.

"ಯಾಕ್ರೀ ಅನ್ನಲಿ? ನಿಮ್ಮಪ್ಪ ಹೇಳಿಕೊಟ್ಟಿದ್ದನಾ ಸೂರ್ಯನಿಗೆ?" ಬೈಗಯ್ಯ ಪಲ್ಲಕ್ಕಿಯಲ್ಲೇ ಎದ್ದು ನಿಂತ. ಎರಡು ವಾರದ ಮಾತು ಒಳಗೆ ಕಟ್ಟಿಕೊಂಡಿತ್ತು. ಪಂಡಿತರನ್ನು ಬೈದ, ರಾಜನನ್ನು ಬೈದ, ಗಂಜಿಗೆ ಉಪ್ಪು ಹಾಕದ ಮಗಳನ್ನೂ ಬೈದ. ಜನವೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು.

ಮಾಳವ್ವ ಅಪ್ಪನ ಹೆಗಲ ಮೇಲಿಂದ ಪಡುವಣಕ್ಕೆ ನೋಡಿದಳು.

ಇನ್ನೂ ಯಾರೂ ಏನೂ ಹೇಳಿರಲಿಲ್ಲ. ಸೂರ್ಯ ಮುಳುಗಿದ್ದ.