ಬೇಡ ಎಂದ ಜಾಡಿ

ಗಾಜಿನ ಜಾಡಿಯೊಳಗಿನ ಬಿಳಿ ಹರಳುಗಳು ಕಾರಿನ ಎ.ಸಿ. ಅನಿಲವನ್ನು ಕುಡಿಯುತ್ತ ಮೆಲ್ಲಗೆ ನೀಲಿಗಟ್ಟುತ್ತಿದ್ದವು. ಅವುಗಳ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೊಂದೂ ಆ ಅನಿಲದ ಅಣುವಿನ ಅಳತೆ ಕೊಟ್ಟು ಹೊಲಿಸಿದಂತೆ. ಒಮ್ಮೆ ಒಳಹೊಕ್ಕ ಅನಿಲ ಆಕಾಶಕ್ಕೇರಿ ಭೂಮಿಯ ಶಾಖವನ್ನು ಹಿಡಿದಿಡುವ ಮಾತೇ ಇರಲಿಲ್ಲ.

ಆ ಜಾಡಿಯನ್ನು ಕಂಡುಹಿಡಿದ ವಿಜ್ಞಾನಿ ಇಂದುಮತಿ ಕಲಬುರಗಿಯ ಗ್ಯಾರೇಜಿನಲ್ಲಿ ಕೂರಲಾರದೆ ನಿಂತಿದ್ದಳು. 2060ರ ದಶಕದ ಆ ಊರಿನಲ್ಲಿ ಬೇಸಿಗೆ ದೀಪಾವಳಿಯವರೆಗೂ ಚಾಚಿಕೊಂಡಿತ್ತು. ರಿಪೇರಿಗೆ ಬಂದ ಕಾರುಗಳ ಅನಿಲವನ್ನು ಗಾಳಿಗೆ ಬಿಡದೆ ಹಿಡಿಯುವ ಈ ಪರೀಕ್ಷೆ ಗೆದ್ದರೆ ಜಾಡಿ ಎಲ್ಲ ಗ್ಯಾರೇಜುಗಳಿಗೂ ಹೋಗಲಿತ್ತು.

ಮುಂದೆ ಬಂದದ್ದು ಹಳೆಯ ಟ್ಯಾಕ್ಸಿ. ನಳಿಕೆ ಸಿಕ್ಕಿಸಿದ್ದೇ ತಡ, ಕೆಂಪು ದೀಪ ಹೊತ್ತಿ ಜಾಡಿ ಬಾಯಿ ಮುಚ್ಚಿಕೊಂಡಿತು.

“ನಿಮ್ಮ ಜಾಡಿಗಿ ಅಜೀರ್ಣ ಆಗ್ಯಾದ್ರಿ ಮೇಡಂ,” ಎಂದು ನಕ್ಕ ಮೆಕ್ಯಾನಿಕ್ ಮಹಾಂತಪ್ಪ.

“ಅನಿಲದಲ್ಲಿ ಬೇರೇನೋ ಬೆರೆತಿದೆ. ಇರಿ, ನೋಡ್ತೀನಿ.”

“ಏನಿಲ್ರಿ, ಪೈಪಿನ್ಯಾಗ ಗಾಳಿ ಸಿಕ್ಕಿರ್ತದ. ಒಂದ್ ಫುಸ್ ಬಿಟ್ರ ಸರಿಹೋಗ್ತದ.”

ಅದು ಅವನ ಕಸುಬಿನ ರೂಢಿ. ಅವಳು ಕೈಚಾಚುವಷ್ಟರಲ್ಲಿ ನಳಿಕೆ ಸಡಿಲಿಸಿಯೇಬಿಟ್ಟಿದ್ದ. ಬುಸುಗುಟ್ಟುತ್ತ ಹೊರಬಿದ್ದ ಅನಿಲ ಗಾಳಿಗಿಂತ ಭಾರ. ನೆಲ ಹಿಡಿದು ಪಕ್ಕದ ಗುಂಡಿಗೆ ಇಳಿಯಿತು. ಗುಂಡಿಯೊಳಗೆ ಅವನ ಮಗಳು ನೀಲಮ್ಮ ಇನ್ನೊಂದು ಕಾರಿನ ತಳಕ್ಕೆ ವೆಲ್ಡಿಂಗ್ ಮಾಡಲು ಅಣಿಯಾಗುತ್ತಿದ್ದಳು.

“ಅಪ್ಪಾ, ಒಲಿ ಬಂದ್ ಮಾಡೂದು ಮರ್ತೀಯೇನು? ಗ್ಯಾಸ್ ನಾತ ಬರ್ಲಾಕತ್ತದ!”

ಇಂದುಮತಿಗೆ ಆಗ ಹೊಳೆಯಿತು. ಯಾರೋ ಅಗ್ಗಕ್ಕೆಂದು ಆ ಎ.ಸಿ.ಗೆ ಅಡುಗೆ ಅನಿಲ ತುಂಬಿಸಿದ್ದರು. “ನೀಲಮ್ಮ, ಏನೂ ಹೊತ್ತಿಸಬೇಡ! ಮೇಲೆ ಬಾ!”

ಮಹಾಂತಪ್ಪ ಫ್ಯಾನ್ ಹಾಕಲು ಓಡಿದ. ಇಂದುಮತಿ ಅವನ ಅಂಗಿ ಹಿಡಿದು ಜಗ್ಗಿದಳು. “ಸ್ವಿಚ್ ಮುಟ್ಟಬೇಡಿ! ಒಂದು ಕಿಡಿ ಸಾಕು!”

ಮೂವರೂ ಬೀದಿಗೆ ಬಂದು ನಿಂತರು. ಮಹಾಂತಪ್ಪ ಮಗಳ ಮೊಣಕೈಯನ್ನು ಬಿಡಲೇ ಇಲ್ಲ.

“ಕೈ ಬಿಡಪ್ಪೋ, ನಾ ಎಲ್ಲೀ ಹಾರಿ ಹೋಗಂಗಿಲ್ಲ,” ಎಂದಳು ನೀಲಮ್ಮ. ಅವಳ ತುಟಿ ಮಾತ್ರ ಬಿಳಿಚಿತ್ತು.

“ಜಾಡಿ ಬೇಡ ಅಂದಿತ್ತಲ್ಲ, ಯಾಕೆ ಬಿಚ್ಚಿದಿರಿ?” ಎಂದು ಕೇಳಿದಳು ಇಂದುಮತಿ.

“ಅದು ಬ್ಯಾಡ ಅಂದ್ರ ಆ ಗ್ಯಾಸ್ ನಾ ಎಲ್ಲಿ ಇಡ್ಲಿ, ಹೇಳ್ರಿ? ಗಾಳಿ ಯಾವತ್ತೂ ಬ್ಯಾಡ ಅಂದಿಲ್ಲ. ನಮ್ಮಜ್ಜನ ಕಾಲದಾಗೂ ಅಂದಿಲ್ಲ.”

ಅಪಾಯದ ಅನಿಲವನ್ನು ನಿರಾಕರಿಸುವುದೇ ತನ್ನ ಜಾಡಿಯ ಹೆಚ್ಚುಗಾರಿಕೆ ಎಂದು ಅವಳು ನಂಬಿದ್ದಳು. ನಿರಾಕರಿಸಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಏನು ಕೊಟ್ಟರೂ ತಕರಾರಿಲ್ಲದೆ ಎಳೆದುಕೊಂಡು ಬೇರೆಯಾಗಿಡುವ ಜಾಡಿ ಬೇಕು; ಈ ಪರೀಕ್ಷೆ ಸೋತಿತೆಂದು ಅವಳೇ ಹೇಳಬೇಕು. ಅದನ್ನು ಹೇಳಿಯಾಳು, ಅಂಥ ಜಾಡಿಯನ್ನು ಮಾಡಿಯೂ ಮಾಡಿಯಾಳು. ಆದರೆ ಮಹಾಂತಪ್ಪನ ಅಜ್ಜ, ಅವಳ ಅಜ್ಜ, ಕಾರಿನ ಗಾಜು ಏರಿಸಿಕೊಂಡು ತಣ್ಣಗೆ ಕೂತ ಆ ಕಾಲದವರೆಲ್ಲ ಯಾವುದೋ ಮಧ್ಯಾಹ್ನ ಫುಸ್ಸೆಂದು ಆಕಾಶಕ್ಕೆ ಬಿಟ್ಟದ್ದನ್ನು ಯಾವ ಜಾಡಿ ಹಿಡಿದೀತು?