ಕಿತ್ತು ನೆಟ್ಟ ದಾಳಿಂಬೆ

"ನಿಲ್ಲಿಸ್ರೀ! ಯಾರ್ರೀ ನೀವು? ಬೇರು ಯಾಕೆ ಕಡೀತಿದೀರಾ?"

ಟೈಲರ್ ಅಂಗಡಿಯ ಕೆಲಸ ಮುಗಿಸಿ ಬಂದವಳು ಕೊರಳಲ್ಲಿ ಅಳತೆ ಟೇಪು ಇರುವಂತೆಯೇ ಹಿತ್ತಲಿಗೆ ಓಡಿದಳು. ಅಮ್ಮ ನೆಟ್ಟ ದಾಳಿಂಬೆ ಮರದ ಸುತ್ತ ಅಪರಿಚಿತನೊಬ್ಬ ಗುಂಡಗೆ ಅಗೆದಿದ್ದ. ಕೈಯಲ್ಲಿ ಗರಗಸ!

"ನಿಮ್ಮಣ್ಣ ಕರೆಸಿದ್ದು. ನಾನು ಮಾಲಿ. ಮರ ಹೊಸ ಮನೆಗೆ ಸಾಗಿಸ್ಬೇಕು ಅಂದ್ರೆ ಎರಡು ತಿಂಗಳು ಮುಂಚೆನೇ ದೊಡ್ಡ ಬೇರು ಕಡೀಬೇಕು. ಆಗ ಬುಡದ ಹತ್ರ ಸಣ್ಣ ಬೇರು ಬರುತ್ತೆ."

"ಒಣಗಿದ್ರೆ?"

ಅವನು ಆಗ ತಲೆ ಎತ್ತಿದ. ಸುಳ್ಳು ಹೇಳಲು ಬಾರದ ಕಣ್ಣು. "ಒಣಗಬಹುದು."

ರಸ್ತೆ ಅಗಲ ಮಾಡಲು ಹಳೆಯ ಮನೆಯನ್ನು ಕೆಡವಲಿದ್ದರು. ಅಮ್ಮನೂ ಇಲ್ಲ... ಉಳಿದಿದ್ದು ಇದೊಂದೇ!

ಎರಡು ತಿಂಗಳ ಬಳಿಕ ಬೇರಿನ ಮಣ್ಣಿಗೆ ಗೋಣಿತಾಟು ಸುತ್ತಿಸಿಕೊಂಡು ಮರ ಹೊಸ ಅಂಗಳ ಸೇರಿತು. ಹೆದರಿದವಳ ಮೇಲೆ ಹಾವು ಎಸೆದಂತೆ, ವಾರದೊಳಗೆ ಎಲೆಯೆಲ್ಲ ಉದುರಿತು!

"ವಾರಕ್ಕೆ ಎರಡೇ ಸಲ ನೀರು. ಹೆಚ್ಚಾದ್ರೆ ಬೇರು ಕೊಳೆಯುತ್ತೆ," ಎಂದಿದ್ದ ಮಾಲಿ. ಹೆದರಿದ ಜೀವ ಕೇಳಬೇಕಲ್ಲ? ಅವಳು ಯಾರಿಗೂ ಕಾಣದಂತೆ ದಿನಾ ಒಂದು ಬಕೆಟ್ ಸುರಿದಳು.

ಮುಂದಿನ ವಾರ ಬಂದ ಮಾಲಿ ಬುಡದ ಮಣ್ಣು ಕೆದಕಿ ಮೂಸಿದ. ಮುಖ ಕಪ್ಪಿಟ್ಟಿತು.

"ಕೊಳೆತ ವಾಸನೆ ಅಲ್ವೇನ್ರೀ ಇದು?" ಅಣ್ಣ ಗದರಿದ.

"ನೀರಿನ ಅಂದಾಜು ತಪ್ತು ಸರ್. ತಪ್ಪು ನಂದೇ."

"ನಂಬಿ ಕೊಟ್ಟಿದ್ದಕ್ಕೆ ಒಳ್ಳೆ ಕೆಲಸ ಮಾಡಿದ್ರಿ! ಇನ್ನು ಬರಬೇಡಿ."

ಅವಳು ಬಾಯಿ ಬಿಟ್ಟರೆ ಅಮ್ಮನ ಮರ ಕೊಂದವಳು ತಾನೇ! ಸುಮ್ಮನಿದ್ದರೆ... ಇವನು ಹೋಗುತ್ತಾನೆ.

"ಅಣ್ಣಾ... ನೀರು ಹಾಕಿದ್ದು ನಾನು. ದಿನಾ ಹಾಕಿದೆ."

ಅಣ್ಣ ಹಣೆ ಚಚ್ಚಿಕೊಂಡು ಒಳಗೆ ಹೋದ.

"ನಿಮಗೆ ಗೊತ್ತಿತ್ತಾ?" ಅವಳು ಮಾಲಿಯತ್ತ ತಿರುಗಿದಳು.

"ಮಣ್ಣು ಕೆದಕುವಾಗ್ಲೇ ಗೊತ್ತಾಯ್ತು. ಕೆಸರಲ್ಲಿ ನಿಮ್ಮ ಚಪ್ಪಲಿ ಗುರುತಿದೆ."

"ಮತ್ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

"ನಿಮ್ಮನ್ನ ನೀವೇ ಬೈಕೊಂಡು ಕೂರ್ತೀರಿ. ನನ್ನ ಬೈದ್ರೆ... ನಿಮಗೆ ನಿದ್ದೆನಾದ್ರೂ ಬರುತ್ತೆ."

ಅವನು ಕೊಳೆತ ಬೇರು ಕತ್ತರಿಸಿ, ಒಣ ಮರಳು ತುಂಬಿದ. ಹತ್ತು ದಿನ ಕಾಯಬೇಕಂತೆ. ಅವಳಿಗೆ ಊಟ ಸೇರಲಿಲ್ಲ. ಮರ ಸತ್ತರೆ ಇವನು ಮುಖ ತೋರಿಸುವುದಿಲ್ಲ... ಬದುಕಿದರೂ ಕೆಲಸ ಮುಗಿಯಿತೆಂದು ಹೋಗುತ್ತಾನೆ! ಯಾವುದಕ್ಕೆ ಹೆಚ್ಚು ಹೆದರಬೇಕೋ ತಿಳಿಯಲಿಲ್ಲ.

ಹತ್ತನೇ ದಿನ ಅವನೆಂದ, "ಉಗುರಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ರೆ ಜೀವ ಇದೆ."

"ನಂಗೆ ಭಯ ಆಗುತ್ತೆ ರೀ..."

"ನಂಗೂ."

ಅವನು ಅವಳ ಬೆರಳು ಹಿಡಿದುಕೊಂಡ. ಇಬ್ಬರೂ ಸೇರಿ ಕೆರೆದರು. ಒಳಗೆ ಹಸಿರು!

ಅವಳು ಬಿಕ್ಕಿ ಅತ್ತಳು. "ಬದುಕಿದೆ... ಇನ್ನು ನೀವು ಬರಲ್ವಲ್ಲ?"

"ಬೇರು ಪೂರ್ತಿ ಹಿಡಿಯೋಕೆ ಮೂರು ವರ್ಷ ಬೇಕು. ಅಲ್ಲೀತನಕ ಬರ್ತೀನಿ."

"ಆಮೇಲೆ?"

ಅವನು ಹಿಡಿದ ಬೆರಳು ಬಿಡಲಿಲ್ಲ. "ನೀವು ಒಪ್ಪಿದ್ರೆ ಮದುವೆ ಆಗಿ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ."

"ಮತ್ತೆ... ಮರ?"

ಮಾಲಿ ಗಾಬರಿಯಿಂದ ಮರ ನೋಡಿದ. "ಇನ್ನೊಂದ್ಸಲ ಕೀಳೋ ಧೈರ್ಯ ನಂಗಿಲ್ಲ ರೀ! ನಾನೇ ಇಲ್ಲಿಗೆ ಬಂದ್ಬಿಡ್ತೀನಿ."

ಅಳುತ್ತಿದ್ದವಳು ಫಕ್ಕನೆ ನಕ್ಕಳು. "ಮನೆ ಅಳಿಯ ಅಂತ ಜನ ನಗ್ತಾರೆ!"

"ನಗಲಿ ಬಿಡಿ. ಇವತ್ತು ನೀವು ನಕ್ಕಿರಲ್ಲ... ನಂಗಷ್ಟು ಸಾಕು."