ನೆಟ್ಟಗೆ ಮಾಡಿದ ಮೊಳೆಗಳು

"ಮರ ಬೇಕಾದ್ರೆ ತಗೊಂಡು ಹೋಗಿ ಮೇಷ್ಟ್ರೇ. ಆ ಮೊಳೆಗಳನ್ನ ಮಾತ್ರ ಕೀಳಬೇಡಿ," ಎಂದ ಗುಜರಿಯವನು.

ಲೆಕ್ಕದ ಮೇಷ್ಟ್ರು ನಕ್ಕುಬಿಟ್ಟರು. ಊರಿಗೆ ಹೊಸಬರು. ಕೊಂಡ ಹಳೇ ಮನೆಯನ್ನು ದುರಸ್ತಿ ಮಾಡಿಸಲು ಸಿಮೆಂಟಿಗೆ ಅಲೆದು, ಮರಕ್ಕೆ ಅಲೆದು, ಗಾರೆಯವರ ಬಾಗಿಲು ಕಾದು ಅವರ ಚಪ್ಪಲಿ ಸವೆದಿತ್ತು. ನೆರೆ ಇಳಿದು ಊರಿಗೆ ಊರೇ ಮನೆ ದುರಸ್ತಿಗೆ ಬಿದ್ದಿತ್ತು; ಸಾಮಾನು ಸಿಕ್ಕರೆ ಆಳಿಲ್ಲ, ಆಳು ಸಿಕ್ಕರೆ ಸಾಮಾನಿಲ್ಲ ಎನ್ನುವಂಥ ಕಾಲ. ಗುಜರಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದ ಈ ಅಗಲವಾದ ಬಾಗಿಲ ಚೌಕಟ್ಟು ಕಂಡಾಗ ಹೋದ ಜೀವ ಬಂದಂತಾಗಿತ್ತು.

ಅವರಿಗೆ ಬೇಕಿದ್ದುದು ಅದೊಂದೇ, ಅಗಲವಾದ ಬಾಗಿಲು. ಲಾರಿ ಗುದ್ದಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮಗಳು ನಡುಮನೆಯ ಮಂಚದಲ್ಲಿ ಮಲಗಿದ್ದಳು. ಅವಳ ಗಾಲಿಕುರ್ಚಿ ಹಿಂದಿನ ಕೋಣೆಯ ಕಿರುಬಾಗಿಲಲ್ಲಿ ತೂರುತ್ತಿರಲಿಲ್ಲ. ಬಚ್ಚಲಿಗೆ ಅದೇ ದಾರಿ. ಬೆಳೆದ ಹುಡುಗಿ, ಅಪ್ಪ ಎತ್ತಿಕೊಂಡಾಗಲೆಲ್ಲ ನಾಚಿಕೆಯಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆ ಮುಚ್ಚಿದ ಕಣ್ಣು ನೋಡಲಾರದೆ ಮೇಷ್ಟ್ರು ಮುಖ ತಿರುಗಿಸುತ್ತಿದ್ದರು.

ಗುಜರಿಯವನು ದನಿ ತಗ್ಗಿಸಿ ಹೇಳಿದ್ದು ಇಷ್ಟು. ಅಣ್ಣನ ಸಂಸಾರ ಹಾಳಾಗಲೆಂದು ತಮ್ಮನೊಬ್ಬ ಮಾಟ ಮಾಡಿಸಿ ಆ ಚೌಕಟ್ಟಿಗೆ ಹೊಡೆದ ನಾಲ್ಕು ಮೊಳೆಗಳಂತೆ. ಹೊಡೆಯುವವನ ಮನಸ್ಸಿನಲ್ಲಿ ಯಾರ ಯಾವ ಅಂಗ ಇರುತ್ತದೋ ಮೊಳೆ ಇಳಿಯುವುದು ಅಲ್ಲಿಗಂತೆ. ಆ ಮನೆಯಲ್ಲಿ ಒಬ್ಬರೂ ಉಳಿಯಲಿಲ್ಲವಂತೆ. ಮೊಳೆಗಳು ಈಗ ಉಂಡು ಮಲಗಿವೆ, ಕಿತ್ತರೆ ಹಸಿದು ಏಳುತ್ತವೆ.

"ತುಕ್ಕು ಹಿಡಿದಿರೋದು ಮೊಳೆಗಲ್ಲಪ್ಪ, ನಿನ್ನ ತಲೆಗೆ," ಎಂದು ಮೇಷ್ಟ್ರು ಚೌಕಟ್ಟನ್ನು ಗಾಡಿಗೆ ಹೇರಿಸಿಯೇಬಿಟ್ಟರು.

ಕೈಕಾಲು ಹಿಡಿದು ಕರೆತಂದ ಬಡಗಿ ಹಳೇ ಬಾಗಿಲನ್ನು ಹಾರೆಯಿಂದ ಮೀಟಿ ಕೆಡವಿದ. ನೆರೆಮನೆಗೆ ಧೂಳು ಹೋಗಬಾರದೆಂದು ಹಿಂದಿನ ಕೋಣೆಯ ಕಿಟಕಿಗಳಿಗೆ ಗೋಣಿ ಕಟ್ಟಿದ್ದರು. ಹಳೇ ವೈರು ಕಿತ್ತಿದ್ದರಿಂದ ದೀಪವೂ ಇರಲಿಲ್ಲ. ಹಗಲಲ್ಲೇ ಮಬ್ಬುಗತ್ತಲು. ಗೋಡೆಗೆ ಚೌಕಟ್ಟು ಬಿಗಿಯಲು ಉದ್ದನೆಯ ಮೊಳೆಗಳು ಬೇಕಿದ್ದವು. ಪೇಟೆಯಲ್ಲಿ ಒಂದೂ ಇರಲಿಲ್ಲ. ಆಗ ಎಲ್ಲರ ಮನೆಯಲ್ಲೂ ಸೊಟ್ಟ ಮೊಳೆ ಕಿತ್ತು, ನೆಟ್ಟಗೆ ಮಾಡಿ, ಮತ್ತೆ ಹೊಡೆಯುತ್ತಿದ್ದರು. ಮೇಷ್ಟ್ರೂ ಚೌಕಟ್ಟಿನ ಮೊಳೆಗಳಿಗೆ ಅದನ್ನೇ ಮಾಡಿದರು.

ಒಂದೊಂದು ಮೊಳೆ ಕಿತ್ತಾಗಲೂ ಮರ ಕೀರಲು ದನಿ ತೆಗೆಯಿತು. ಕೂದಲು ಸುಟ್ಟ ವಾಸನೆ ಬಂತು. ತುದಿಗಳು ಒದ್ದೆಯಾಗಿದ್ದವು. ಮರದ ಅಂಟು ಎಂದುಕೊಂಡು ಮೇಷ್ಟ್ರು ಪಂಚೆಯ ಅಂಚಿಗೆ ಒರೆಸಿ, ನಾಲ್ಕನ್ನೂ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದರು.

ಮೊದಲನೆಯದನ್ನು ಬಡಗಿ ಹೊಡೆದ. ಕೆಲಸ ಅರ್ಧಕ್ಕೆ ಬಿಟ್ಟು ಬೇರೆ ಕಡೆ ಓಡಿಹೋಗಿದ್ದ ಬಾಮೈದನ ಮೇಲೆ ಅವನಿಗೆ ಉರಿಯುತ್ತಿತ್ತು. "ಇದು ಆ ಕಳ್ಳನ ಮಂಡಿಗೆ," ಎಂದು ಸುತ್ತಿಗೆ ಬೀಸಿದ. ಸ್ವಲ್ಪ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ನಿಂತಲ್ಲೇ ನಿಂತಿದ್ದ ಬಾಮೈದನ ಮಂಡಿಚಿಪ್ಪು ಒಡೆದು ಎಲುಬು ಹೊರಗೆ ಬಂದಿತ್ತಂತೆ. ಬಡಗಿ ಸುತ್ತಿಗೆ ಕೆಳಗಿಟ್ಟ. ಉಳಿದ ಮೊಳೆಗಳನ್ನು ಮುಟ್ಟಬೇಡಿ ಎಂದಷ್ಟೇ ಹೇಳಿ, ಸಾಮಾನಿನ ಚೀಲವನ್ನೂ ಬಿಟ್ಟು ಓಡಿದ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡರು ಮೇಷ್ಟ್ರು. ಇನ್ನೊಬ್ಬ ಬಡಗಿಗೆ ಎಲ್ಲಿ ಹೋಗುವುದು? ತಾವೇ ಸುತ್ತಿಗೆ ಹಿಡಿದರು. ಇನ್ನು ಮಗಳು ತಾನೇ ಕುರ್ಚಿ ತಳ್ಳಿಕೊಂಡು ಈ ಬಾಗಿಲು ದಾಟುತ್ತಾಳೆ, ಮೊದಲು ಅವಳ ಪಾದ ದಾಟುತ್ತದೆ ಎಂದು ಸಂತೋಷಪಡುತ್ತಾ ಎರಡನೆಯದನ್ನು ಹೊಡೆದರು. ಒಣಗಿದ ಮರ ಮಾಂಸದಷ್ಟು ಮೆತ್ತಗಿತ್ತು. ಮೂರನೆಯದಕ್ಕೆ, ಗಾಲಿ ತಳ್ಳುವ ಅವಳ ಅಂಗೈ ನೆನಪಾಯಿತು.

ನಡುಮನೆಯಿಂದ ಚೀತ್ಕಾರ ಕೇಳಿತು.

ಮೇಷ್ಟ್ರು ಓಡಿದರು. ಮಗಳ ಬಲ ಅಂಗೈಯಲ್ಲಿ ಆರಪಾರ ತೂತು. ರಕ್ತ ಮೊಣಕೈಯವರೆಗೆ ಹರಿಯುತ್ತಿತ್ತು. ಹೆಂಡತಿ ಅದಕ್ಕೆ ಸೆರಗು ಸುತ್ತಿ ಬಿಗಿಯುತ್ತಿದ್ದಳು. ಮೇಷ್ಟ್ರ ಕಣ್ಣು ಹೊದಿಕೆಯ ಮೇಲೆ ಬಿತ್ತು. ಕಾಲ ಬಳಿ ಅದು ಕಪ್ಪಗೆ ನೆನೆದಿತ್ತು. ಎತ್ತಿ ನೋಡಿದರು. ಪಾದದಲ್ಲೂ ತೂತು. ಸ್ವಾಧೀನವಿಲ್ಲದ ಕಾಲು, ಅವಳಿಗೆ ಗೊತ್ತೇ ಆಗಿರಲಿಲ್ಲ.

ಹೆಂಡತಿ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದಳು. ಮೇಷ್ಟ್ರು ಗುಜರಿಯವನಿಗೆ ಮಾಡಿ ನಡೆದದ್ದನ್ನು ಹೇಳಿದರು. ಹೊಡೆದದ್ದನ್ನು ಕಿತ್ತರೆ ಆ ಅಂಗವೂ ಕಿತ್ತುಬರುತ್ತದೆ ಎಂದ ಅವನು. ಎಷ್ಟು ಉಳಿದಿದೆ ಎಂದು ಕೇಳಿದ. ಒಂದು.

"ಅದಕ್ಕೆ ನಿಮ್ಮ ಮನೆ ರಕ್ತದ ರುಚಿ ಹತ್ತಿದೆ. ಹೊಡೀದೆ ಬಿಟ್ರೆ ತಾನಾಗೇ ನಿಮ್ಮ ಮಗಳ ಹತ್ರ ಹೋಗುತ್ತೆ. ನಿಮ್ಮನ್ನೇ ನೆನೆಸ್ಕೊಂಡು ಹೊಡೀರಿ ಮೇಷ್ಟ್ರೇ. ಕೈಯೋ ಕಾಲೋ ಹೋಗ್ಲಿ."

ಮೇಷ್ಟ್ರು ಕತ್ತಲೆ ಕೋಣೆಗೆ ಮರಳಿದರು. ಕಲ್ಲಿನ ಮೇಲೆ ಮೊಳೆ ಇರಲಿಲ್ಲ. ಟಣ್ ಎಂದಿತು. ಅದು ನೆಲದ ಮೇಲೆ ಉರುಳುತ್ತಿತ್ತು, ನಡುಮನೆಯ ಕಡೆಗೆ. ಹಾರಿ ಹಿಡಿದರು. ಕೆಂಡ. ಅಂಗೈ ಚುರ್ರೆಂದಿತು. ಚೌಕಟ್ಟಿಗೆ ಒತ್ತಿ ಹಿಡಿದರು. ನನ್ನ ಎಡಗೈ, ನನ್ನ ಎಡಗೈ ಎಂದು ಗೊಣಗಿದರು. ಸುತ್ತಿಗೆ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

ನಾನೇಕೆ?

ಆ ಒಂದು ಗಳಿಗೆಯಲ್ಲಿ ಅವನು ಮನಸ್ಸಿಗೆ ಬಂದ, ಮಗಳ ಸೊಂಟ ಮುರಿದ ಲಾರಿಯವನು. ತಪ್ಪಿಸಿಕೊಂಡು ಎಲ್ಲೋ ಹಾಯಾಗಿ ಉಂಡು ತಿರುಗುತ್ತಿರುವವನು. ಅವನ ಕುಡಿದ ಕೆಂಪು ಕಣ್ಣುಗಳನ್ನು ಮೇಷ್ಟ್ರು ಗಾಜಿನಾಚೆ ಕಂಡಿದ್ದರು. ಮೈಯ ರಕ್ತವೆಲ್ಲ ತಲೆಗೇರಿತು. ನಿನಗೇ, ನಿನ್ನ ಹಣೆಗೇ. ಹಲ್ಲು ಕಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಸುತ್ತಿಗೆ ಬೀಸಿದರು.

ಸುತ್ತಿಗೆ ಗಾಳಿಯಲ್ಲಿತ್ತು. ಲಾರಿಯವನ ಹಿಂದೆಯೇ ಆ ದಿನದ ರಸ್ತೆ ಬಂತು. ರಸ್ತೆಯ ಹಿಂದೆ ಚಕ್ರ. ಚಕ್ರದ ಮುಂದೆ, ಅಪ್ಪನ ಕಡೆಗೆ ತಿರುಗಿ ಬಿದ್ದಿದ್ದ ಮಗಳ ಮುಖ. ಹಣೆ. ಬೇಡ ಎಂದುಕೊಂಡರು. ಕೈ ತಡೆಯಲಾಗಲಿಲ್ಲ. ಮೊಳೆ ಒಂದೇ ಏಟಿಗೆ ತಲೆಯವರೆಗೂ ಇಳಿಯಿತು.

ಈ ಸಲ ನಡುಮನೆಯಿಂದ ಕೂಗಿದ್ದು ಹೆಂಡತಿ ಒಬ್ಬಳೇ.